ಖಾಖ್ರಾ ಡಬ್ಬಿಯ ಆಂಪ್ಲಿಫೈಯರ್

ದೀಪ ಆರಿಸಬೇಡಿ, ಇರಲಿ. ಇದು ಅಹಮದಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ಪ್ರಜ್ವಲ್‌ಗೆ ಆದದ್ದು. ಕಟ್ಟುಕತೆ ಅನ್ನುವವರು ಕೊನೆವರೆಗೆ ಕೇಳಿ, ಆಮೇಲೆ ಅನ್ನಿ.

ಹೋದ ಚಳಿಗಾಲ. ರಾತ್ರಿ ಹತ್ತೂವರೆ ಇರಬೇಕು. ನರೋಡಾದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಮಣಿನಗರದಲ್ಲಿ ಮನೆ ಕಡೆ ನಡೆದು ಬರುತ್ತಿದ್ದ. ದಾರಿಯಲ್ಲೇ ಶಕುಂತಲಾ ಚಿಕ್ಕಮ್ಮನ ಮನೆ. ಕೈಯಲ್ಲಿ ಖಾಖ್ರಾ ಅನ್ನುವ ಗರಿಗರಿ ರೊಟ್ಟಿ ತುಂಬಿ ಬರುವ ದೊಡ್ಡ ತಗಡಿನ ಡಬ್ಬಿ, ಅದರೊಳಗೆ ಗಿಟಾರಿನ ಆಂಪ್ಲಿಫೈಯರ್. ಚಿಕ್ಕಮ್ಮನ ಮಗ ಆದರ್ಶ ಅರ್ಧ ಕಟ್ಟಿದ್ದು. ಉಳಿದರ್ಧವನ್ನು ಪ್ರಜ್ವಲ್ ಮುಗಿಸಿದ್ದ, ಯಾಕೆಂದರೆ ಆದರ್ಶ ಈಗಿಲ್ಲ. ನಾಲ್ಕು ತಿಂಗಳ ಹಿಂದೆ ಅದೇ ಡಬ್ಬಿಯೊಳಗೆ ಕೈ ಹಾಕಿ, ಶಾಕ್ ಹೊಡೆದು ಹೋಗಿಬಿಟ್ಟ. "ಒಂದೇ ಒಂದು ಸಲ ಅದರ ದನಿ ಕೇಳಿಸು ಪ್ರಜ್ಜು" ಅಂತ ಹೆತ್ತವಳು ಕೇಳಿದರೆ ಯಾರು ತಾನೇ ಇಲ್ಲ ಅಂದಾರು?

ಪ್ರಜ್ವಲ್‌ಗಂತೂ ಇಲ್ಲ ಅನ್ನಲು ಬಾಯೇ ಇರಲಿಲ್ಲ. ಶಾಕ್ ಹೊಡೆಯುವ ಸ್ವಲ್ಪ ಮುಂಚೆ ಆದರ್ಶ ಅವನಿಗೆ ಫೋನ್ ಮಾಡಿದ್ದ. ಸ್ವಿಚ್ ಆಫ್ ಮಾಡಿದರೂ ಇಂಥ ಡಬ್ಬಿಯ ಕೆಪಾಸಿಟರ್ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ, ಮೊದಲು ಅದನ್ನು ಖಾಲಿ ಮಾಡಬೇಕು. ಎಲೆಕ್ಟ್ರಿಷಿಯನ್ ಪ್ರಜ್ವಲ್‌ಗೆ ಗೊತ್ತಿಲ್ಲದ್ದೇನಲ್ಲ. ಕೆಲಸದ ಗಡಿಬಿಡಿಯಲ್ಲಿ ಆ ಒಂದು ಮಾತು ಹೇಳದೆ ಫೋನಿಟ್ಟ. ಈ ಸಂಗತಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಾದರೆ... ಆ ಯೋಚನೆಗೇ ಅವನ ನಿದ್ದೆ ಹಾರಿಹೋಗುತ್ತಿತ್ತು.

ಮುಚ್ಚಿದ ಬಾವಿ ಪಕ್ಕದ ಆಲದ ಮರ ಬಂತು. ರಿಕ್ಷಾ ಇಲ್ಲ. ನಾಯಿಯೂ ಇಲ್ಲ.

ಟಿಣ್...

ನಿಂತ.

ಟಿಣ್... ಟಿಣ್...

ಬಿಸಿ ಗಾಜು ಆರುವಾಗ ಬರುವ ಸದ್ದು. ಬಂದದ್ದು ಅವನ ಅಂಗಿ ಜೇಬಿನಿಂದ. ದಾರಿಯಲ್ಲಿ ಒಡೆದೀತೆಂದು ವಾಲ್ವನ್ನು ಡಬ್ಬಿಯಿಂದ ಕಿತ್ತು, ಕರವಸ್ತ್ರದಲ್ಲಿ ಸುತ್ತಿ ಅಲ್ಲಿಟ್ಟಿದ್ದ. ಹೆಬ್ಬೆರಳಿನಷ್ಟು ಗಾಜಿನ ಬುರುಡೆ, ದನಿ ದೊಡ್ಡದು ಮಾಡುವುದು ಅದೇ. ಬೆಳಗಿನಿಂದ ಅದಕ್ಕೆ ಕರೆಂಟೇ ತಾಗಿಲ್ಲ. ಮುಟ್ಟಿ ನೋಡಿದ... ಬಿಸಿ.

ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಚಿಕ್ಕಪ್ಪನನ್ನು ಬ್ಯಾಂಕಿನವರು ಸೂರತ್ತಿಗೆ ವರ್ಗ ಮಾಡಿದ ಮೇಲೆ ಮನೆಯಲ್ಲಿ ಅವರೊಬ್ಬರೇ. ಪ್ರಜ್ವಲ್ ಡಬ್ಬಿಯನ್ನು ಒಳಗಿಟ್ಟು ಪ್ಲಗ್ ಸಿಕ್ಕಿಸಿದ.

"ಮೆಲ್ಲಗೆ ಹಾಕು," ಪಿಸುಗುಟ್ಟಿದರು. "ಕೆಳಗಿನವರು ಮಲಗಿದಾರೆ."

"ಇರಿ ಚಿಕ್ಕಮ್ಮ, ವಾಲ್ವ್ ಇನ್ನೂ..."

ಅಷ್ಟರಲ್ಲಿ ಅವರು ಸ್ವಿಚ್ ಒತ್ತಿಯಾಗಿತ್ತು. ವಾಲ್ವಿಲ್ಲದೆ ಅದು ಬರೀ ಡಬ್ಬಿ. ಗಿಟಾರನ್ನೂ ಸಿಕ್ಕಿಸಿರಲಿಲ್ಲ.

ಮ್‌ಮ್‌ಮ್‌ಮ್... ಸಣ್ಣಗೆ ಗುಂಯ್ ಅಂದಿತು. ಡಬ್ಬಿಯ ಸ್ಪೀಕರಿನಿಂದ, ಸ್ಕ್ರೂಡ್ರೈವರ್ ಮೇಜಿನ ಮೇಲೆ ಉರುಳಿದ ಸದ್ದು. ಆಮೇಲೆ...

"ಮಮ್ಮಿ, ಊಟಕ್ಕೆ ಬಂದೆ. ದೋ ಮಿನಿಟ್."

ಆದರ್ಶನ ದನಿ. ಚಿಕ್ಕಮ್ಮ ಗೋಡೆ ಹಿಡಿದುಕೊಂಡರು.

"ಪ್ರಜ್ಜು, ಆಫ್ ಮಾಡಿದೀನಿ ಯಾರ್. ಈಗ ಒಳಗೆ ಮುಟ್ಟಬಹುದಾ?"

ಪ್ರಜ್ವಲ್ ಪ್ಲಗ್ ಕಿತ್ತ. ಗುಂಯ್ ನಿಲ್ಲಲಿಲ್ಲ. ಸ್ಪೀಕರಿಗೆ ಬಾಯಿ ಹಚ್ಚಿ, "ಬೇಡ್ವೋ ಆದರ್ಶ, ಮುಟ್ಬೇಡ... ಮೊದ್ಲು ಕೆಪಾಸಿಟರ್ ಖಾಲಿ ಮಾಡೋ," ಅಂದ. ಅವನ ಮಾತು ಅತ್ತ ಹೋಗಲಿಲ್ಲ. ಅತ್ತಲಿಂದ ಬಂದದ್ದೂ ಅವನದೇ ದನಿ, ಯಂತ್ರಗಳ ಗದ್ದಲದ ನಡುವೆ, ಅವಸರದಲ್ಲಿ.

"ಆಫ್ ಮಾಡಿದ್ಯಲ್ಲ, ಮುಟ್ಟು. ಏನಾಗಲ್ಲ."

ಚಟ್.

ಸ್ಟೂಲು ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಪ್ರಜ್ವಲ್ ತಲೆ ಎತ್ತಲಿಲ್ಲ. ಬೈಯಲಿ, ಹೊಡೆಯಲಿ ಅಂತ ಕಾದ. ಚಿಕ್ಕಮ್ಮ ಅವನ ಪಕ್ಕ ನೆಲದ ಮೇಲೆ ಕೂತರು. ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು.

"ಇನ್ನೊಂದ್ಸಲ ಹಾಕು."

ಹಾಕಿದ. ಏನು ಮಾಡಿಯಾನು, ಪಾಪ? ಅವತ್ತಿನಿಂದ ದಿನಾ ಕರೆಯುತ್ತಾರೆ, ದಿನಾ ಹೋಗುತ್ತಾನೆ. ದಿನಾ ಬೇಡ್ವೋ ಅನ್ನುತ್ತಾನೆ, ದಿನಾ ತನ್ನ ದನಿಯೇ ಮುಟ್ಟು ಅನ್ನುವುದನ್ನು ಕೇಳುತ್ತಾನೆ. ಆ ಫೋನಿನ ಬಗ್ಗೆ ಚಿಕ್ಕಮ್ಮ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಒಮ್ಮೆ ಬೈದುಬಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ನಂಬದಿದ್ದರೆ ಬಿಡಿ. ವಾಲ್ವನ್ನು ಅವನು ಇನ್ನೂ ಡಬ್ಬಿಗೆ ಹಾಕಿಲ್ಲ. ಮೊನ್ನೆ ಆ ಕರವಸ್ತ್ರದ ಗಂಟನ್ನು ನನ್ನ ಕೈಗೇ ಕೊಟ್ಟ. ಸುಳ್ಳು ಹೇಳಿ ನನಗೇನಾಗಬೇಕು... ಬಿಸಿಯಾಗಿತ್ತು.