ಬೋಗಿ ಮರದ ಬುಡದ ಬಿಲ್ಲೆ

ಹೆಸರು: ಹರಿಣಾಕ್ಷಿ ಶೆಡ್ತಿ, ಗಂಡ ರತ್ನಾಕರ ಶೆಟ್ಟಿ
ಪ್ರಾಯ: 46 ವರ್ಷ
ಉದ್ಯೋಗ: ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಧ್ಯಾಪಕಿ
ವಾಸ: ಕುಂಭಾಶಿ ಗ್ರಾಮ, ಕುಂದಾಪುರ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ

ಯಾರೂ ಕರೆಸದೆ ನಾನಾಗಿಯೇ ಇಂದು ತಾ. 19-2-1969ರಂದು ಮಧ್ಯಾಹ್ನ 1-10ಕ್ಕೆ ಕುಂದಾಪುರ ಠಾಣೆಗೆ ಬಂದು, ಹೆಡ್ ಕಾನ್‌ಸ್ಟೇಬಲ್ ಶೇಖರ ಅವರ ಮುಂದೆ ಬರೆಸುವುದೇನೆಂದರೆ:

ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರಲು ನಾಲ್ಕು ಬೆಂಚು ಮಾಡಿಸುವ ಕೆಲಸವನ್ನು ಶಾಲೆಯವರು ನನಗೆ ಒಪ್ಪಿಸಿದ್ದರು. ಬೆಂಚುಗಳು ಬಿಸಿಲಿನಲ್ಲೂ ಮಳೆಯಲ್ಲೂ ಹೊರಗೇ ಇರಬೇಕಾದವು. ನಮ್ಮ ಮನೆಯಿಂದ 200 ಗಜ ದೂರದಲ್ಲಿರುವ ಬಡಗಿ ಗುರುವ ಆಚಾರಿ, ಪ್ರಾಯ ಸುಮಾರು 60, ಇವರಿಗೆ ಕೆಲಸ ಹೇಳಿದೆನು. ಇವರು ನಿನ್ನೆಯಿಂದ ಈ ಠಾಣೆಯ ಲಾಕಪ್ಪಿನಲ್ಲಿದ್ದಾರೆ. ಕಾಯ್ದಿಟ್ಟ ಕಾಡಿನಿಂದ ಮರ ಕದ್ದರೆಂಬುದು ಇವರ ಮೇಲಿನ ಆರೋಪ.

ಒಳ್ಳೆಯ ಮರ ಎಲ್ಲಿ ಸಿಗುತ್ತದೆಂದು ಇಬ್ಬರೂ ಜೊತೆಯಾಗಿ ಹುಡುಕಿದೆವು. ತಾ. 1ರ ಶನಿವಾರ ಮಧ್ಯಾಹ್ನ 2-30ಕ್ಕೆ ಬ್ರಹ್ಮಾವರದ ಒಂದು ಡಿಪೋಗೆ ಹೋದೆವು. ಅಲ್ಲಿಯ ತುಂಡುಗಳ ತುದಿಗಳು ಚೆನ್ನಾಗಿ ಕೆಂಪಗಿದ್ದವು. ಗುರುವ ಆಚಾರಿಯವರು ಹೆಬ್ಬೆರಳಿಗೆ ಎಂಜಲು ಮಾಡಿ ಉಜ್ಜಿದಾಗ ಕೆಂಪು ಬೆರಳಿಗೆ ಬಂತು. ಬಲಿಯದ ಬಿಳಿ ಮರಕ್ಕೆ ಕೆಮ್ಮಣ್ಣು ಬಳಿದಿದ್ದರು. ಮರುದಿನ ಬೈಂದೂರಿಗೆ ಹೋದೆವು. ಅಲ್ಲಿ ಮರ ಉತ್ತಮವಾಗಿತ್ತು, ಆದರೆ ಎಲ್ಲವೂ ದೋಣಿ ಕಟ್ಟುವವರಿಗೆ ಮೊದಲೇ ಮಾತಾಗಿತ್ತು.

ತಾ. 8ರ ಶನಿವಾರ ಮಧ್ಯಾಹ್ನ 3-15ಕ್ಕೆ ವಂಡ್ಸೆಯಲ್ಲಿ ಚಂದಯ್ಯ ಎಂಬವರ ಮರದ ಡಿಪೋಗೆ ಹೋದೆವು. ಹಲಸಿನ ರಾಶಿಯ ಹಿಂದೆ ಮೂರು ತುಂಡು ಬೋಗಿ ಮರವಿತ್ತು. ನೀರಿಗೂ ಗೆದ್ದಲಿಗೂ ಬಗ್ಗದ ಮರ ಅದೊಂದೇ ಎಂದು ಗುರುವ ಆಚಾರಿಯವರು ನನಗೆ ಮೊದಲೇ ತಿಳಿಸಿದ್ದರು. ಅವರು ಮರ ಕೆತ್ತುವ ಬಾಚಿಯ ಹಿಂಬದಿಯಿಂದ ಒಂದೊಂದನ್ನೂ ಬಡಿದು ಕಿವಿಗೊಟ್ಟರು. ಚಂದಯ್ಯನವರು, "ಹ್ವಾಯ್ ಆಚಾರ್ರೆ, ಅದೆಂತ ತೆಂಗಿನಕಾಯಿಯಾ, ಬಡ್ದ್ ಕಾಂಬುಕೆ?" ಎಂದರು. ಗುರುವ ಆಚಾರಿಯವರು, "ತೆಂಗಿನಕಾಯಿ ಆರೆ ಒಡ್ದ್ ಕಾಂಬಕ್ಕ್, ಮರ ಹಾಳಾರೆ ನಿಮ್ಮನ್ ಎಲ್ಲಿ ಹುಡ್ಕುದ್?" ಎಂದರು. ನಾನೂ ನಕ್ಕೆನು. ಎರಡು ತುಂಡು ಸರಿಯಿವೆ, ಯಾವುದು ಬೇಕೆಂದು ಅವರು ನನ್ನನ್ನು ಕೇಳಿದರು. ಎಡಗಡೆಯದನ್ನು ನಾನೇ ಬೆರಳು ಮಾಡಿ ತೋರಿಸಿದೆನು. ಉದ್ದ ಒಂಬತ್ತು ಅಡಿ, ಸುತ್ತಳತೆ ನಾಲ್ಕೂವರೆ ಅಡಿ.

ಮರ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕೆಂದು ನನಗೆ ಗೊತ್ತಿತ್ತು. ಕೇಳಿದ್ದಕ್ಕೆ ಚಂದಯ್ಯನವರು, "ನಾಳಿನ ಬಸ್ಸಿಗ್ ಕಳ್ಸ್ತೆ ಟೀಚ್ರೇ, ನಾ ಎಂತ ಓಡಿ ಹೋತ್ನಾ?" ಎಂದರು. ಒಂದು ಚೀಟಿ ಕೊಟ್ಟರು. ಅದರಲ್ಲಿ "ಮರ, 1 ತುಂಡು" ಎಂದಷ್ಟೇ ಇದೆ. ಯಾವ ಮರವೆಂದು ಬರೆದಿಲ್ಲ. ನಾನು ಓದಿದೆನು, ಬರೆಯಿರೆಂದು ಹೇಳಲಿಲ್ಲ. ರಹದಾರಿಗೆ ಕಾಯದೆ ಮರವನ್ನು ಅಂದೇ ಗುರುವ ಆಚಾರಿಯವರ ಕೆಲಸದ ಕೊಟ್ಟಿಗೆಗೆ ತರಿಸಿದೆನು. ರಹದಾರಿ ಈವರೆಗೂ ಬಂದಿಲ್ಲ.

ತಾ. 10ರ ಸೋಮವಾರ ಬೆಳಿಗ್ಗೆ 8-20ಕ್ಕೆ ಗುರುವ ಆಚಾರಿಯವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಆ ಮರದ ಬುಡದಿಂದ ಕೊಯ್ದ ಒಂದೂವರೆ ಇಂಚು ದಪ್ಪದ ಬಿಲ್ಲೆಯಿತ್ತು, ಮೇಲೆ ಕುಂಕುಮವಿತ್ತು. ಹೊಸ ಮರಕ್ಕೆ ಗರಗಸ ಇಟ್ಟ ದಿನ ಬುಡದ ಮೊದಲ ಬಿಲ್ಲೆಯನ್ನು ಕೆಲಸ ಮಾಡಿಸುವವರ ಒಲೆಗೆ ಕೊಡುವುದು ಅವರ ತಂದೆಯ ಕಾಲದಿಂದ ಬಂದ ಕ್ರಮ. ಅವರು ಹೆಚ್ಚಾಗಿ ಜನರ ಹಿತ್ತಲಿನ ಹಲಸು ಕೊಯ್ದವರು. ಕಾಡಿನ ಮರಕ್ಕೆ ಅರಣ್ಯ ಇಲಾಖೆಯವರು ಹೊಡೆಯುವಂತೆ ಹಿತ್ತಲಿನ ಹಲಸಿಗೆ ಯಾರೂ ಸುತ್ತಿಗೆಯಿಂದ ಮುದ್ರೆ ಹೊಡೆಯುವುದಿಲ್ಲ. ಅವರಿಗೆ ಓದು ಬರಹವೂ ಇಲ್ಲ.

ಕುಂಕುಮದ ಕೆಳಗೆ ಮರಕ್ಕೆ ಗುದ್ದಿ ಮಾಡಿದ ಒಂದು ಗುರುತು ನನಗೆ ಕಂಡಿತು. ಒಂದು ಬಳೆ, ಅದರೊಳಗೆ ಎರಡು ಅಂಕಿ. ಮೊದಲನೆಯದು 4. ಎರಡನೆಯದು 1 ಅಥವಾ 7. ಇದೆಂತದೆಂದು ಕೇಳಿದೆನು. "ಡಿಪೋದವ್ರ್ ಗುದ್ದಿದ್ದ್ ಆಯ್ಕ್ ಅಮ್ಮ. ಹಾಕಿ, ನಿಮ್ಮ ಕೈಯಗೇ ಆಯ್ಕ್" ಎಂದರು. ಇದು ಸರ್ಕಾರದ ಮುದ್ರೆ ಇರಬಹುದೇ ಎಂದು ನನಗೆ ಆಗಲೇ ಅನಿಸಿತ್ತು. 9-10ರ ಬಸ್ಸಿಗೆ ಹೊತ್ತಾಗುತ್ತಿತ್ತು. ಬಚ್ಚಲೊಲೆಗೆ ಹಾಕಿದೆನು. ಸಂಜೆ 4-45ಕ್ಕೆ ಬಂದು ನೋಡಿದಾಗಲೂ ಅದರ ಒಂದು ಅಂಚು ಕೆಂಡವಾಗಿತ್ತು.

ತಾ. 17ರ ಸೋಮವಾರ ಸಂಜೆ 5-20ಕ್ಕೆ ಒಬ್ಬ ಫಾರೆಸ್ಟರೂ ಒಬ್ಬ ಗಾರ್ಡೂ ಗುರುವ ಆಚಾರಿಯವರ ಕೊಟ್ಟಿಗೆಗೆ ಬಂದು ನನ್ನನ್ನು ಕರೆಸಿದರು. ಮರದಲ್ಲಿ ಮುದ್ರೆಯಿಲ್ಲ, ರಹದಾರಿಯಿಲ್ಲ, ಇದನ್ನು ತಂದವರು ಯಾರೆಂದು ಕೇಳಿದರು. ಗುರುವ ಆಚಾರಿಯವರು ನನ್ನ ಮುಖ ನೋಡಿದರು. ಮರದ ವಿಷಯ ನನಗೇನೂ ತಿಳಿಯದು, ಆರಿಸಿದ್ದು ತಂದದ್ದು ಎಲ್ಲ ಬಡಗಿಯೇ ಎಂದು ನಾನು ಹೇಳಿದೆನು. ಇದು ಸುಳ್ಳು. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಹೇಳಿದೆನು. ಹೇಳಿದ್ದು ಇಂಗ್ಲಿಷಿನಲ್ಲಿ. ಫಾರೆಸ್ಟರು ಕನ್ನಡದಲ್ಲೇ ಕೇಳಿದ್ದರು. ಗುರುವ ಆಚಾರಿಯವರಿಗೆ ಇಂಗ್ಲಿಷ್ ಬಾರದೆಂದೇ ನಾನು ಹಾಗೆ ಮಾಡಿದೆನೋ, ಗಾಬರಿಯಲ್ಲಿ ನಾಲಿಗೆಗೆ ಬಂದದ್ದು ಅದೋ, ಎರಡು ದಿನ ಯೋಚಿಸಿದರೂ ನನಗೆ ಖಚಿತವಾಗಿಲ್ಲ. ನಾನು ತಮ್ಮ ಪರವಾಗಿ ಮಾತಾಡಿದೆನೆಂದು ತಿಳಿದು ಅವರು ಫಾರೆಸ್ಟರಿಗೆ ಕೈಮುಗಿದು, "ಅಮ್ಮ ಹೇಳ್ದದ್ದೇ ಸೈ" ಎಂದರು.

ನಿನ್ನೆ ಸಂಜೆ 4 ಗಂಟೆಗೆ ಪೊಲೀಸರು ಅವರನ್ನು ಕರೆದೊಯ್ದರು. 6 ಗಂಟೆಗೆ ಅವರ ಹೆಂಡತಿ ತುಂಗಾ ನಮ್ಮ ಅಂಗಳಕ್ಕೆ ಬಂದರು. "ನೀವ್ ಫಾರೆಸ್ಟರ್‌ಗೆ ಸಮಾ ಹೇಳಿದ್ರಿ ಅಂಬ್ರ್. ಹಂಗಾರೆ ಇವತ್ತೇ ಬತ್ರ್ ಅಲ್ದಾ ಅಮ್ಮ? ಗಂಜಿಗೆ ಅಕ್ಕಿ ಎಷ್ಟ್ ಹಾಕುದ್ ಗೊತ್ತಾತಿಲ್ಲೆ" ಎಂದರು. ಇಬ್ಬರಿಗೂ ಹಾಕಿ ಎಂದೆನು. ಅದನ್ನು ಹೇಳಲು ನನಗೆ ಯಾವ ಆಧಾರವೂ ಇರಲಿಲ್ಲ.

ಇಂದು ಬೆಳಿಗ್ಗೆ ಬಸ್ಸಿನಲ್ಲಿ ಹೊರಟು 11-15ಕ್ಕೆ ವಂಡ್ಸೆಯ ಡಿಪೋ ಮುಟ್ಟಿದೆನು. ಚಂದಯ್ಯನವರು ತಾವು ಕೊಟ್ಟದ್ದು ಹಲಸಿನ ತುಂಡು, ಬೋಗಿ ತಮ್ಮಲ್ಲಿ ಇರಲೇ ಇಲ್ಲ ಎಂದರು. ನಾನೇ ಆರಿಸಿದ್ದೆನಲ್ಲ ಎಂದೆನು. "ನಿಮ್ಗೆ ಮರದ ವಿಷ್ಯ ಎಂತದೂ ಗೊತ್ತಿಲ್ಯಂಬ್ರ್ ಅಲ್ದಾ ಟೀಚ್ರೇ? ಫಾರೆಸ್ಟರ್ ಹತ್ರ ನೀವೇ ಅಂದದ್ದ್. ಈಗ ಎರಡೇ ದಿನದಗೆ ಕಲ್ತ್ರ್ಯಾ?" ಎಂದು ಕೇಳಿದರು. ಅವರು ಲಾರಿಯವನೊಡನೆ ಮಾತಾಡಲು ರಸ್ತೆಗೆ ಹೋದಾಗ ಹಲಸಿನ ರಾಶಿಯ ಹಿಂದೆ ಹೋದೆನು. ಉಳಿದೆರಡು ಬೋಗಿ ತುಂಡುಗಳು ಅಲ್ಲೇ ಇದ್ದವು, ಮೇಲೆ ಮರದ ಹೊಟ್ಟಿನ ಗೋಣಿಗಳಿದ್ದವು. ಕೊಡೆಯ ತುದಿಯಿಂದ ಒಂದು ಗೋಣಿ ಸರಿಸಿದೆನು. ಬುಡದಲ್ಲಿ ಬಳೆಯೂ 47 ಎಂಬ ಅಂಕಿಯೂ ಸ್ಪಷ್ಟವಾಗಿವೆ. ನಾನು ಸುಟ್ಟ ಬಿಲ್ಲೆಯ ಮೇಲಿದ್ದದ್ದೂ 47 ಎಂದು ಮಾತ್ರ ಹೇಳಲಾರೆನು. ಇದನ್ನು ನೋಡಿದ ಮೇಲೆ ಅದೂ ಏಳೇ ಎಂದು ಕಾಣುತ್ತಿದೆ. ನೋಡುವ ಮೊದಲು ಹಾಗೆ ಕಾಣುತ್ತಿರಲಿಲ್ಲ.

ಆ ತುಂಡುಗಳನ್ನು ಇಂದು ಸಂಜೆ ಲಾರಿಗೆ ಏರಿಸುತ್ತಾರೆಂದು ಅಲ್ಲಿಯ ಆಳು ಕೊರಗ ಎಂಬವನು ತಿಳಿಸಿದನು. ಗುರುವ ಆಚಾರಿಯವರನ್ನು 4 ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವರೆಂದು ಇಲ್ಲಿ ತಿಳಿಯಿತು. ಅದಕ್ಕೆ ಮೊದಲು ಪೊಲೀಸರು ವಂಡ್ಸೆಗೆ ಹೋಗಿ ಆ ಮುದ್ರೆಯನ್ನು ನೋಡಬೇಕೆಂದೂ, ಆ ಮರವನ್ನು ನಮ್ಮ ತುಂಡಿನ ಜೊತೆ ಹೋಲಿಸಬೇಕೆಂದೂ ಕೋರುತ್ತೇನೆ. ಮರ ಆರಿಸಿದವಳು, ರಹದಾರಿಯಿಲ್ಲದೆ ತರಿಸಿದವಳು, ಮುದ್ರೆ ಸುಟ್ಟವಳು ನಾನು. ಅದಕ್ಕೆ ಆಗುವ ಕ್ರಮ ನನ್ನ ಮೇಲೆ ಆಗಲಿ.

ಹೆಡ್ ಕಾನ್‌ಸ್ಟೇಬಲರು ನನ್ನ ಮೇಲಿನ ಕನಿಕರದಿಂದ "ಅರಿಯದೆ ಸುಟ್ಟೆನು" ಎಂದು ಬರೆದಿದ್ದರು. "ಅರಿಯದೆ" ಎಂಬ ಪದವನ್ನು ಹೊಡೆದು ಹಾಕಿಸಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದೇನೆ.

ಸಹಿಗೆ ಮೊದಲು ಇದನ್ನು ಲಾಕಪ್ಪಿನ ಎದುರು ನಿಂತು ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡೆನು. ಓದಿದರು. ಗುರುವ ಆಚಾರಿಯವರು ಸರಳು ಹಿಡಿದು ನಿಂತು ಪೂರ್ತಿ ಕೇಳಿದರು. ಕೊನೆಗೆ ಗಂಟೆ ಎಷ್ಟಾಯಿತೆಂದು ಹೆಡ್ ಕಾನ್‌ಸ್ಟೇಬಲರನ್ನು ಕೇಳಿದರು. 2-05 ಆಗಿತ್ತು.

ಮೇಲೆ ಬರೆಸಿದ್ದು ನನ್ನ ಮಾತೇ, ನನಗೆ ತಿಳಿದಷ್ಟು ನಿಜ. ತಿಳಿಯದ್ದನ್ನು ತಿಳಿಯದೆಂದೇ ಬರೆಸಿದ್ದೇನೆ.

ಸ್ಥಳ: ಕುಂದಾಪುರ
ತಾರೀಕು: 19-2-1969
ಸಹಿ: ಹರಿಣಾಕ್ಷಿ ಶೆಡ್ತಿ