ಕಿವಿ ಮೇಸ್ತ್ರಿಯ ಪಕ್ಕದ ಕುರ್ಚಿ

ಸ್ಟೆಬಿಲೈಸರ್ ತಯಾರಕರ ಸಂಘದ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಸನ್ಮಾನ ಸ್ವೀಕರಿಸಲು ವೇದಿಕೆಯ ಮೇಲೆ ಕುಳಿತಿರುವ ನನ್ನ ಮಾವನವರೇ, ಅವರಿಗೆ ನೇರ ಎದುರಾಗಿ ಮೊದಲ ಸಾಲಿನಲ್ಲಿರುವ ಅತ್ತೆಯವರೇ, ಮತ್ತು ಫ್ಯಾನಿನ ಕೆಳಗೆ ಜಾಗ ಸಿಗಲೆಂದು ಬೇಗ ಬಂದು ಕುಳಿತಿರುವ ಸಭಿಕರೇ,

ನಾನು ಈ ಮನೆಯ ಹೊಸ ಸೊಸೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ನನ್ನ ಕನ್ನಡದಲ್ಲಿ ಅಲ್ಲಲ್ಲಿ ಏರುಪೇರಾದರೆ ದಯವಿಟ್ಟು ಸರಿಪಡಿಸಿಕೊಂಡು ಕೇಳಿ. ಏರುಪೇರು ಸರಿಪಡಿಸುವುದೇ ತಾನೇ ನಿಮ್ಮೆಲ್ಲರ ಕಸುಬು? ನಕ್ಕಿದ್ದಕ್ಕೆ ಥ್ಯಾಂಕ್ಸ್. ಈ ಜೋಕನ್ನು ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಮದುವೆಗೆ ಮುಂಚೆ ನನ್ನ ಪಾಲಿಗೆ ಸ್ಟೆಬಿಲೈಸರ್ ಎಂದರೆ ಫ್ರಿಜ್ಜಿನ ಹಿಂದೆ ಧೂಳು ಹಿಡಿದು ಕೂತ ಒಂದು ಡಬ್ಬಿ. ಸಂಜೆ ಬೀದಿಯ ಮನೆಗಳೆಲ್ಲ ದೀಪ ಹಚ್ಚಿದಾಗ ಕರೆಂಟು ಸೊರಗುತ್ತದೆ, ಎಲ್ಲರೂ ಆರಿಸಿದಾಗ ಉಕ್ಕುತ್ತದೆ, ಆ ಏರಿಳಿತವನ್ನೆಲ್ಲ ತಾನು ನುಂಗಿಕೊಂಡು ಈ ಡಬ್ಬಿ ಮನೆಯೊಳಕ್ಕೆ ಸಮನಾದ ಕರೆಂಟು ಕಳಿಸುತ್ತದೆ ಎಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ.

ಹಾಗಾಗಿ ಈ ಮನೆಯಲ್ಲಿ ಮೊದಲ ದಿನವೇ ನಾನು ಬೆಚ್ಚಿಬಿದ್ದೆ. ನಾನೂ ನಮ್ಮವರೂ ಹೇಗೆ ಪರಿಚಯವಾದೆವೆಂದು ತುಂಬ ರಸವತ್ತಾಗಿ ಹೇಳುತ್ತಿದ್ದೆ. ಗೋಡೆಯ ಸ್ಟೆಬಿಲೈಸರಿನೊಳಗೆ ರಿಲೇ ಸ್ವಿಚ್ಚು ಟಕ್ ಎಂದಿತು. ಅಷ್ಟೇ! ನನ್ನ ಪ್ರೇಮಕಥೆಯನ್ನು ಅರ್ಧಕ್ಕೆ ಬಿಟ್ಟು ಅತ್ತೆ ಮೀಟರಿನ ಕಡೆ ತಿರುಗಿ, ಅಂಗೈ ಕೆಳಗಿಳಿಸಿ ತೋರಿಸಿದರು. ಅದನ್ನು ನೋಡಿ ಮಾವ ಮೀಟರ್ ನೋಡಿದರು. ಅಂಗೈ ಕೆಳಗೆ ಎಂದರೆ ವೋಲ್ಟೇಜ್ ಕಡಿಮೆ. ಮೇಲೆ ಎಂದರೆ ಜಾಸ್ತಿ. ಮಟ್ಟವಾಗಿ ಹಿಡಿದರೆ ಸರಿಯಿದೆ. ಗಂಡಹೆಂಡತಿ ನಡುವೆ ಇಷ್ಟು ಮುದ್ದಾದ ಸನ್ನೆಭಾಷೆ ನೀವು ಎಲ್ಲಾದರೂ ಕಂಡಿದ್ದೀರಾ? ನಾವೂ ಕಲಿಯೋಣ ಎಂದು ನಮ್ಮವರಿಗೆ ಹೇಳಿದೆ. ಅವರು ಯಾಕೋ ನಗಲಿಲ್ಲ.

ಮಾವನವರಿಗೆ ನೀವೆಲ್ಲ ಪ್ರೀತಿಯಿಂದ ಇಟ್ಟ ಹೆಸರು ಕಿವಿ ಮೇಸ್ತ್ರಿ. ಡಬ್ಬಿಯ ಮೇಲೆ ಕಿವಿ ಇಟ್ಟು, ಗುಂಡಿ ತಿರುಗಿಸಿ ಕರೆಂಟನ್ನು ಏರಿಸಿ ಇಳಿಸಿ, ಒಳಗಿನ ಸದ್ದು ಕೇಳಿ, ಎಲ್ಲ ಸರಿಯಿದ್ದರೆ ನೆತ್ತಿಯ ಮೇಲೆ ಎರಡು ಸಲ ತಟ್ಟುತ್ತಾರೆ. ಅವರು ತಟ್ಟದ ಡಬ್ಬಿ ನಮ್ಮ ಬಾಗಿಲು ದಾಟುವುದಿಲ್ಲ. ಈಗ ತಾನೇ ಅಧ್ಯಕ್ಷರು ಘೋಷಿಸಿದರು, ಬರುವ ಸೋಮವಾರದಿಂದ ಸಂಘದ ಹೊಸ ಶೆಡ್ಡಿನಲ್ಲಿ ಎಲ್ಲರ ಡಬ್ಬಿಗಳೂ ಮಾವನ ಕಿವಿ ದಾಟಿಯೇ ಹೊರಗೆ ಹೋಗಬೇಕು ಎಂದು. ಎಂಥ ಗೌರವ! ಚಪ್ಪಾಳೆ ತಟ್ಟಿ ನನ್ನ ಅಂಗೈ ಕೆಂಪಾಗಿದೆ.

ಇಷ್ಟು ದೊಡ್ಡವರಾದರೂ ಮನೆಯಲ್ಲಿ ಎಷ್ಟು ಸರಳ ಗೊತ್ತೇ? ನಾನು ಏನು ಕೇಳಿದರೂ ಒಂದು ನಗು, ಒಂದು ಮಾತು. "ಆಗಲಮ್ಮ." ಮಾವ, ಟೀ ತರಲಾ? "ಆಗಲಮ್ಮ." ಮಾವ, ನಿಮ್ಮ ಕೋಣೆಯ ಗೋಡೆಗೆ ಗುಲಾಬಿ ಬಣ್ಣ ಹೊಡೆಸಲಾ? "ಆಗಲಮ್ಮ." ಹೊಡೆಸಿಯೇಬಿಟ್ಟೆ! ಸಂಜೆ ಬಾಗಿಲು ತೆಗೆದವರು ಅಲ್ಲೇ ಕಂಬದಂತೆ ನಿಂತರು. "ಯಾರೇ ಇದು ಮಾಡಿದ್ದು?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ನನ್ನ ಕಡೆ ಬೆರಳು ಮಾಡಿದರು. ಮತ್ತೆ ಅದೇ ನಗು.

ಅವರ ಏಕಾಗ್ರತೆಯ ಬಗ್ಗೆ ಹೇಳಲೇಬೇಕು. ಮನೆಯಲ್ಲಿ ಮಾವ ಡಬ್ಬಿ ಪರೀಕ್ಷಿಸುವ ಬೆಂಚಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡು ಎಂದು ನಮ್ಮವರು ದಾರಿಯುದ್ದಕ್ಕೂ ಹೇಳಿದ್ದಾರೆ. ಆದರೆ ಬೆಂಚು ಬಿಟ್ಟರೆ ಮಾವ ಎಲ್ಲಿದ್ದಾರೆ ಹೇಳಿ?

ಕಳೆದ ವಾರ ಒಂದು ಡಬ್ಬಿ ಸಿದ್ಧವಾಗಿತ್ತು. ಪಕ್ಕದ ಬೀದಿಯ ಅಜ್ಜಿಯ ಉಸಿರಾಟದ ಯಂತ್ರಕ್ಕೆ ಹಾಕಲು ಮಾಡಿದ್ದು. ಮಾವ ಕಿವಿ ಇಟ್ಟಿದ್ದರು. ನಾನು ಟೀ ಹಿಡಿದು ಬಂದೆ. ಅಯ್ಯೋ, ಆ ಸದ್ದು! ಒಳಗೆ ರಿಲೇ ಟಕಟಕಟಕ ಎಂದು ಹಲ್ಲು ಕಡಿಯುತ್ತಿದೆ, ಸುರುಳಿ ಜೇನುಗೂಡಿನಂತೆ ಗುಂಯ್‌ಗುಡುತ್ತಿದೆ. ಮಾವ ನಗುನಗುತ್ತಾ ಎರಡು ಸಲ ತಟ್ಟಿದರು. ನಾನು ಕಿರುಚಿದೆ. ಲೋಟ ಬಿತ್ತು. ಅಡುಗೆಮನೆಯಿಂದ ಅತ್ತೆ ಓಡಿಬಂದು ಮೇನ್ ಸ್ವಿಚ್ಚನ್ನೇ ಆರಿಸಿದರು. ಬೆಂಚಿನ ಮೇಲಿನ ದೀಪ ಆರಿತಲ್ಲ, ಆಗ ಮಾವ ತಲೆ ಎತ್ತಿ ಏನು ಕೇಳಿದರು ಗೊತ್ತೇ?

"ಕರೆಂಟ್ ಹೋಯ್ತಾ?"

ಎಂಥ ಏಕಾಗ್ರತೆ! "ಅವರು ಹಾಗೇನೇ ಕಣಮ್ಮ, ಕೆಲಸದಲ್ಲಿ ಮುಳುಗಿದ್ರೆ ಲೋಕವೇ ಬೇಡ," ಎಂದರು ಅತ್ತೆ.

ಈ ಜೋಕಿಗೆ ಯಾಕೆ ಯಾರೂ ನಗಲಿಲ್ಲ?

ಅತ್ತೆ, ಎರಡೂ ಅಂಗೈ ಮೇಲೆತ್ತಿದ್ದೀರಿ. ವೋಲ್ಟೇಜ್ ಜಾಸ್ತಿಯಾಯಿತೇ? ಮೈಕು ಸರಿಯಾಗೇ ಇದೆಯಲ್ಲ. ನಮ್ಮವರು ಯಾಕೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ?

ಒಂದು ನಿಮಿಷ.

ಮಾವ... ಮಾವ, ಈ ಕಡೆ ನೋಡಿ. ಮಾವ!

ತಿರುಗಲಿಲ್ಲ. ನೀವೆಲ್ಲ ನೋಡಿದಿರಿ. ನಾನು ಇಲ್ಲೇ, ಕೈಗೆಟಕುವಷ್ಟು ಹತ್ತಿರ ನಿಂತು, ಮೈಕಿನಲ್ಲಿ ಕೂಗಿದೆ. ಅವರು ಅತ್ತೆಯ ಮುಖ ನೋಡಿಕೊಂಡು ನಗುತ್ತಿದ್ದಾರೆ.

ಅಯ್ಯೋ. ನಾನು ಏನು ಹೇಳಿಬಿಟ್ಟೆ? ಯಾರ ಸಭೆಯಲ್ಲಿ ಹೇಳಿಬಿಟ್ಟೆ? ಅವರ ಸನ್ಮಾನದ ದಿನ, ಅವರ ಪಕ್ಕದಲ್ಲೇ ನಿಂತು! ಆ ಸನ್ನೆಯನ್ನು ಮುದ್ದು ಎಂದುಕೊಂಡೆನಲ್ಲ. ಗುಲಾಬಿ ಗೋಡೆಯನ್ನು ಒಪ್ಪಿದರು ಎಂದುಕೊಂಡೆನಲ್ಲ. ದಿನವಿಡೀ ಅವರೊಂದಿಗೆ ಹರಟುತ್ತಿದ್ದೆ. ನಾನು ಇಲ್ಲಿಯವರೆಗೆ ಯಾರ ಜೊತೆ ಮಾತಾಡುತ್ತಿದ್ದೆ?

ಸಭಿಕರೇ, ಕೂತುಬಿಡೋಣ ಅನಿಸುತ್ತಿದೆ. ಆದರೆ ಕೂತರೆ ಸೋಮವಾರ ಏನಾಗುತ್ತದೆ? ಆ ಡಬ್ಬಿ ಅಜ್ಜಿಯ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು? ಹೊಸ ಶೆಡ್ಡಿಗೆ ಬರುವ ಡಬ್ಬಿಗಳ ಹಿಂದೆ ಎಷ್ಟು ಮನೆಗಳಿವೆ?

ತಡೆಯಿರಿ, ಇನ್ನೊಂದು ಮಾತು ಈಗ ಹೊಳೆಯುತ್ತಿದೆ. ಮಾವ ತಟ್ಟಿದ ಡಬ್ಬಿ ಯಾವತ್ತೂ ವಾಪಸ್ ಬಂದಿಲ್ಲ ಎಂದು ಅಧ್ಯಕ್ಷರೇ ಹೇಳಿದರು. ಅದು ಹೇಗೆ ಸಾಧ್ಯ? ಪ್ರತಿ ಸಲ ಮಾವ ಕಿವಿ ಇಟ್ಟಾಗ ಅತ್ತೆ ಬೆಂಚಿನ ಆಚೆ ನಿಂತಿರುತ್ತಿದ್ದರು. ಕೈಯಲ್ಲಿ ಒರೆಸುವ ಬಟ್ಟೆ. ಬೆಂಚು ಒರೆಸಲು ನಿಂತಿದ್ದಾರೆ ಎಂದುಕೊಂಡಿದ್ದೆ. ಅವರ ಅಂಗೈ ಮಟ್ಟವಾದ ಮೇಲೆಯೇ ಮಾವ ತಟ್ಟುತ್ತಿದ್ದರು. ಅಂದು ಒಂದು ದಿನ ಮಾತ್ರ ಅತ್ತೆ ಅಲ್ಲಿರಲಿಲ್ಲ. ನಾನು ಟೀ ಮಾಡಲು ಹೋಗಿ ಹಾಲು ಉಕ್ಕಿಸಿ, "ಅತ್ತೇ, ಬೇಗ ಬನ್ನಿ" ಎಂದು ಕರೆದಿದ್ದೆ. ನನ್ನನ್ನು ಕಂಡು ಮಾವ ಅಂದಾಜಿನ ಮೇಲೆ ತಟ್ಟಿಬಿಟ್ಟರೇನೋ.

ಅಧ್ಯಕ್ಷರೇ, ನಿಮ್ಮ ಸನ್ಮಾನ ಫಲಕವನ್ನು ತಡೆಹಿಡಿಯಬೇಡಿ. ಸುರುಳಿ ಸುತ್ತುವ ಕೈ ಅವರದೇ, ಅದರಷ್ಟು ಹದ ಬೇರೆಯವರಿಗಿಲ್ಲವೆಂದು ನೀವೇ ಹೇಳಿದ್ದೀರಿ. ಹೊಸ ಶೆಡ್ಡಿನ ಬೆಂಚಿಗೆ ಒಂದೇ ಕುರ್ಚಿ ಹಾಕಿಸಿದ್ದೀರಂತೆ. ಎರಡು ಹಾಕಿಸಿ. ಎರಡನೆಯದು ಅತ್ತೆಗೆ. ಬಟ್ಟೆ ಹಿಡಿದು ನಿಲ್ಲಲು ಅಲ್ಲ, ಕೂತು ಕೇಳಲು. ಅವರ ಅಂಗೈ ಮಟ್ಟವಾಗದೆ ಒಂದು ಡಬ್ಬಿಯೂ ಆಚೆ ಹೋಗಬಾರದು. ಟೀ ನಾನೊಬ್ಬಳೇ ಮಾಡುತ್ತೇನೆ, ಉಕ್ಕಿದರೆ ಉಕ್ಕಲಿ.

ಅತ್ತೆ, ನಾನು ಹೇಳಿದ್ದು ತಪ್ಪಾಯಿತೇ?

ನೋಡಿ, ಅವರ ಕೈಗಳು ಇಳಿಯುತ್ತಿವೆ. ಒಂದು ಮಡಿಲಿಗೆ ಹೋಯಿತು, ಕಣ್ಣೊರೆಸಿಕೊಳ್ಳಲು ಮತ್ತೆ ಮೇಲೆ ಬಂತು. ಇನ್ನೊಂದು ಗಾಳಿಯಲ್ಲೇ ನಿಂತಿದೆ. ಮಟ್ಟವಾಗಿ.

ಮಾವನವರು ಅದನ್ನು ನೋಡಿದರು. ಮುಂದಿನ ಮೇಜಿನ ಮೇಲೆ ಎರಡು ಸಲ ತಟ್ಟಿದರು. ಕೇಳಿಸಿತೇ ನಿಮಗೆಲ್ಲ?

ಇಷ್ಟು ಹೊತ್ತು ಈ ಬಾಯಿಬಡಕಿಯನ್ನು ಸಹಿಸಿಕೊಂಡ ನಿಮಗೂ, ಮನೆಗೆ ಹೋದ ಮೇಲೆ ಸಹಿಸಿಕೊಳ್ಳಬೇಕಾದ ನಮ್ಮವರಿಗೂ ನನ್ನ ಧನ್ಯವಾದ. ನಮಸ್ಕಾರ.