ಹೆಳವರು ಬಾರದ ಓಣಿ

ಬೆಳಿಗ್ಗೆ ಜೋಳ ಬೀಸಿಸಲು ಮಗಳೊಂದಿಗೆ ಸಂಪಗಾಂವದ ಗಿರಣಿಗೆ ಹೋಗಿದ್ದೆ. ನಮ್ಮ ಪಾಳಿ ಬರುವ ಮೊದಲೇ ಕರೆಂಟ್ ಹೋಯಿತು. ಗಿರಣಿಯ ಸದ್ದು ನಿಂತಾಗ ಮುಂದೆ ನಿಂತಿದ್ದವರ ಮಾತು ಕೇಳಿಸಿತು. ಒಬ್ಬರು ಶಂಕರೆಪ್ಪಜ್ಜ. ಇನ್ನೊಬ್ಬಳು ಊರಾಚೆಯ ಓಣಿಯ ಲಗಮಣ್ಣನ ಮಗಳು ಸಂಘಮಿತ್ರಾ, ನಾಳೆ ಧಾರವಾಡದಲ್ಲಿ ಪರೀಕ್ಷಕರ ಮುಂದೆ ಪುರಾತನ ಪ್ರೋಟೀನ್‌ಗಳ ಕುರಿತ ತನ್ನ ಪಿಎಚ್‌ಡಿ ಪ್ರಬಂಧ ಮಂಡಿಸಬೇಕಾದವಳು.

“ಕೋಟಿ ವರ್ಷದ ಹಿಂದಿನ ಪ್ರೋಟೀನ್ ನೀ ಕಂಡೀಯೇನವಾ?”

“ಇಲ್ರೀ ಅಜ್ಜಾರ. ಈಗಿನ ಜೀವಿಗಳ ಪ್ರೋಟೀನ್ ಒಂದಕ್ಕೊಂದು ಹೋಲಿಸಿ, ಅವುಗಳ ಮೂಲ ಹೆಂಗಿತ್ತಂತ ಕಂಪ್ಯೂಟರಿನಾಗ ಲೆಕ್ಕಾ ಹಾಕತೇವಿ.”

“ಅಂದ್ರ ಬರೇ ಅಂದಾಜು! ನಾಳೆ ಅವರು ಒಪ್ಪತಾರೇನ?”

“ಅಂದಾಜರೀ. ಆದ್ರ ಅದರಂಗ ಲ್ಯಾಬಿನಾಗ ಆ ಪ್ರೋಟೀನ್ ಮಾಡಿ ನೋಡೇನಿ. ಕೆಲಸ ಮಾಡತೈತಿ. ಒಪ್ಪಬೇಕಾಗತೈತಿ.”

“ನಮ್ಮ ಹಿರ್ಯಾರು ಹದಿನಾಲ್ಕು ತಲಿಮಾರಿನ ತನಕ ಹೆಳವರ ಪುಸ್ತಕದಾಗ ಅದಾರ. ಬರದಿಟ್ಟದ್ದಷ್ಟ ಖರೇ.”

“ವಂಶ ಹೇಳಾಕ ಹೆಳವರು ನಿಮ್ಮ ಮನಿಗೆ ಬರತಾರ. ನಮ್ಮ ಓಣಿಗೆ ಒಮ್ಮೆನೂ ಬಂದಿಲ್ಲ. ಹಂಗಂತ ನಮಗ ಹಿರ್ಯಾರ ಇರಲಿಲ್ಲೇನ್ರಿ? ಯಾರೂ ಬರದಿಡದವರನ್ನ ಹುಡುಕೋದ ನನ್ನ ಕೆಲಸ.”

ಕರೆಂಟ್ ಬಂತು. ಅಜ್ಜ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಅವಳೂ ತಲೆ ಎತ್ತಿಕೊಂಡೇ ಹೋದಳು.

ಆಗಿನಿಂದ ನನ್ನ ಸೆರಗು ಎಳೆಯುತ್ತಿದ್ದ ಮಗಳು ಗಟ್ಟಿಯಾಗಿ ಕೇಳಿದಳು:

“ಅವ್ವಾ, ನಮ್ಮ ಮನಿಗೆ ಬಂದಾಗ ಹೆಳವರು ಅಣ್ಣನ ಹೆಸರು ಬರಕೊಂಡ್ರಲ್ಲ, ನನ್ನದ್ಯಾಕ ಬರಕೊಳ್ಳಲಿಲ್ಲ?”